ಬಾಗಿಲಲ್ಲಿ ನಿಂತ ಹೆಂಗಸು

ಮೊನ್ನೆ, ಗಿರಣಿಯಿಂದ ಆಗಷ್ಟೇ ಬಂದ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿದದ್ದೇ ತಡ, ಆ ಹಳೆಯ ಅಂಜಿಕೆ ಎದ್ದು ಕೂತಿತು. ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾನು ಕಾಕು ಎಂದು ಕರೆಯುತ್ತಿದ್ದ ಹೆಂಗಸು ನೆನಪಾದಳು...

ಆಗ ನಾನು ಕಾನ್ವೆಂಟ್ ಶಾಲೆಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದೆ. ಕಾನ್ವೆಂಟ್ ಬಿಟ್ಟು ತಮ್ಮ ದೇಶಕ್ಕೆ ಹೊರಟಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಹಾಲೆಂಡಿನ ಹಳೆಯ ಕೆತ್ತನೆ ಚಿತ್ರವೊಂದನ್ನು ನನಗೆ ಕೊಟ್ಟಿದ್ದರು. ಕುಡಿತ ಬಿಡಿಸುವ ಸಂಘದ ಸಭೆಯಂತೆ. ಉದ್ದನೆಯ ಮೇಜು, ಮೇಲೆ ಬೋರಲು ಹಾಕಿದ ಹೂಜಿಗಳು, ಎದ್ದು ನಿಂತು ಏನೋ ಓದುತ್ತಿರುವ ಗಡ್ಡದವ. ಅಪ್ಪ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಗಾಜಿನ ಮೇಲೆ ದಿನಾ ಸಿಮೆಂಟಿನ ಧೂಳು. ಕಾಕು ಬಂದಾಗಲೆಲ್ಲ ಸೆರಗಿನ ತುದಿಯಿಂದ ಒಂದೇ ಮೂಲೆ ಒರೆಸುತ್ತಿದ್ದಳು. ಅಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು, ಮುಖ ಬೀದಿಯ ಕಡೆ.

“ಬ್ಯಾಸರಾಗಿ ಎದ್ದು ಹೊಂಟಾಳ,” ಎಂದೆ ನಾನು.

“ಮಾರಿ ನೋಡಬ್ಯಾಡ, ಕಾಲ ನೋಡವ್ವ. ಒಳಗ ಬರಾಕತ್ತಾಳ. ಯಾರರೆ ನೋಡ್ಯಾರೇನಂತ ತಿರುಗಿ ನೋಡಾಕತ್ತಾಳ,” ಎಂದಳು ಕಾಕು. “ಗಿರಣಿಗಿ ಹೋಗ್ತೀನಂತ ಮನ್ಯಾಗ ಹೇಳಿ ಬಂದಾಳ, ಪಾಪ!” ನಕ್ಕಳು, ಧ್ವನಿ ತಗ್ಗಿಸಿ.

ಹಾಗೆ ಹೇಳಿ ಬರುತ್ತಿದ್ದವಳು ಕಾಕುವೇ. ಹೆಂಡ ಮಾರುವ ಸಿಂದಿ ಅಂಗಡಿಯನ್ನು ಅಲ್ಲಿಂದ ಎಬ್ಬಿಸಬೇಕೆಂದು ಓಣಿಯ ಹೆಂಗಸರು ಮಧ್ಯಾಹ್ನ ಬಾಲವಾಡಿಯಲ್ಲಿ ಸೇರುತ್ತಿದ್ದರು. ಅವಳ ಗಂಡನನ್ನು ನಾನು ಕಾಕಾ ಎನ್ನುತ್ತಿದ್ದೆ; ಅಂಗಡಿ ಅವನ ಅಣ್ಣನದು. “ಆ ಸಭಾಕ್ಕ ಹೋದ್ರ ಮತ್ತ ಈ ಹೊಸ್ತಲ ತುಳೀಬ್ಯಾಡ,” ಎಂದು ಕಾಕಾ ಹೇಳಿಟ್ಟಿದ್ದ. ಕಾಕು ಜೋಳ ಗಿರಣಿಯಲ್ಲಿಟ್ಟು ಬಂದು, ಸಭೆಯಲ್ಲಿ ಬಾಗಿಲ ಹತ್ತಿರವೇ ಕೂತು, ಬೀಸಿದ ಹಿಟ್ಟು ಆರುವ ಮೊದಲೇ ಎದ್ದುಬಿಡುತ್ತಿದ್ದಳು. ಬಿಸಿ ಹಿಟ್ಟೇ ಅವಳ ಸಾಕ್ಷಿ. ರಜೆಯ ದಿನ ನಾನೂ ಜೊತೆಗೆ.

ಒಂದು ದಿನ ಅವಳು ಏಳಲಿಲ್ಲ. ಯಾರೋ ಮಾತಾಡು ಎಂದಿದ್ದರು; ಮೊದಲ ಸಲ ಮಾತಾಡಿದಳು... ಏನೆಂದಳೋ ನೆನಪಿಲ್ಲ. ಬಳೆ ಸದ್ದಾಗದಂತೆ ಒತ್ತಿ ಹಿಡಿದಿದ್ದಳು, ಅದು ನೆನಪಿದೆ. ಗಿರಣಿಗೆ ಓಡಿದಾಗ ಹಿಟ್ಟು ತಣ್ಣಗಾಗಿತ್ತು. ಮೈಯ ಕಾವಿಗಾದರೂ ಬೆಚ್ಚಗಾದೀತೇನೋ ಎಂಬಂತೆ ಡಬ್ಬಿಯನ್ನು ದಾರಿಯುದ್ದಕ್ಕೂ ಎದೆಗವಚಿಕೊಂಡು ನಡೆದಳು.

ಕಾಕಾ ಕಟ್ಟೆಯ ಮೇಲಿದ್ದ. “ಏನ್ರೀ ಕಾನ್ವೆಂಟ್ ಬಾಯಾರ, ನೀವೂ ಹಿಟ್ಟು ಬೀಸಾಕ ಹೋಗಿದ್ರೇನು?” ಎಂದು ನನ್ನನ್ನು ಕೆಣಕುತ್ತಲೇ ಡಬ್ಬಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

“ಗಿರಣ್ಯಾಗ ಕರೆಂಟ್ ಹೋಗಿತ್ತೇನು?”

ಹೌದೆನ್ನಲಿ, ದೇವರೇ, ಹೌದೆನ್ನಲಿ ಎಂದು ಬೇಡಿಕೊಂಡೆ.

“ಇಲ್ರಿ,” ಎಂದಳು ಕಾಕು. “ಸಭಾಕ್ಕ ಹೋಗಿದ್ದೆ.”

ಕಾಕಾ ಕೂಗಾಡಲಿಲ್ಲ. ಬೆರಳಿಗಂಟಿದ ಹಿಟ್ಟನ್ನು ನಿಧಾನವಾಗಿ ಝಾಡಿಸಿಕೊಂಡ. ಒಳಗೆ ಹೋಗಿ ಅಗಳಿ ಹಾಕಿದ. ಅವಳು ಹೊರಗೇ ಉಳಿದಳು.

ಆ ಸಂಜೆ ನಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಅವ್ವ ನನ್ನ ಕೈ ಬಿಗಿಯಾಗಿ ಹಿಡಿಯುತ್ತಿದ್ದಳು. ಮರುದಿನ ದಂಡೋತಿಯ ತವರಿನಿಂದ ಕಾಕುವಿನ ತಮ್ಮ ಬಂದ. ಬಸ್ಸು ಹತ್ತುವಾಗಲಾದರೂ ತಿರುಗಿ ನೋಡುತ್ತಾಳೆಂದು ಕಾದೆ. ನೋಡಲಿಲ್ಲ.

ಆಮೇಲೆ ಸಿಗಲೇ ಇಲ್ಲ... ತೀರಿಕೊಂಡ ಸುದ್ದಿಯೂ ತಡವಾಗಿ ಬಂತು. ಚಿತ್ರ ಈಗ ನನ್ನ ಅಡುಗೆಮನೆಯಲ್ಲಿದೆ. ಮೊನ್ನೆ ಹಿಟ್ಟಿನ ಡಬ್ಬಿ ಮುಚ್ಚಿ, ಸೆರಗಿನ ತುದಿಯಿಂದ ಆ ಮೂಲೆ ಒರೆಸಿದೆ. ಹೆಂಗಸು ಇನ್ನೂ ಅಂಜಿ ಬೀದಿಯ ಕಡೆಗೇ ನೋಡುತ್ತಿದ್ದಾಳೆ. ಕಾಲು ಮಾತ್ರ ಒಳಗಿದೆ.