ಐದು ಗಂಟೆಗೆ ಹಾಡುವ ಹುಡುಗಿ

ಓಗುಶಿ ಕಿನುಕೊಳನ್ನು ನಾನು ಮೊದಲು ಕಂಡದ್ದು ಕಡಲ ದಡದ ಉರಾತೊಮಾರಿಯ ಪ್ರಾಥಮಿಕ ಶಾಲೆಗೆ ಸಂಗೀತದ ಮೇಷ್ಟರಾಗಿ ವರ್ಗವಾಗಿ ಬಂದ ವಾರದಲ್ಲಿ. ಏಪ್ರಿಲ್ ತಿಂಗಳು, ಹೊಸ ತರಗತಿಗಳು ಆಗತಾನೇ ಶುರುವಾಗಿದ್ದವು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಊಟಕ್ಕೆ ಏನಾದರೂ ಕೊಳ್ಳೋಣವೆಂದು ಬಂದರಿನ ಬೀದಿಯ ಒಣಮೀನಿನ ಅಂಗಡಿಯೊಂದಕ್ಕೆ ಹೋದೆನು. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಸೀಳಿ ಒಣಗಿಸಿದ ಬಂಗುಡೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ನಾನು ಆರಿಸುತ್ತಿರುವಾಗಲೇ ಐದು ಗಂಟೆಯಾಯಿತು. ಊರಿನ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ಒಬ್ಬ ಹುಡುಗಿ ಹಾಡತೊಡಗಿದಳು. ಹೊತ್ತು ಮುಳುಗುವ ಮೊದಲು ಮಕ್ಕಳು ಮನೆ ಸೇರಲೆಂದು ನಮ್ಮಲ್ಲಿ ಪ್ರತಿ ಊರೂ ಏನಾದರೊಂದು ರಾಗವನ್ನು ಹಾಕುತ್ತದೆ. ಈ ಊರಿನದು ದೂರದರ್ಶನದ ‘ದೋಣಿಮರಿ ಚಪ್ಪು’ ಎಂಬ ಮಕ್ಕಳ ಚಿತ್ರಮಾಲೆಯ ಕೊನೆಯ ಹಾಡು.

ಆ ಹೆಂಗಸು ಎದ್ದು ಹೋಗಿ ಅಂಗಡಿಯ ಗಾಜಿನ ಬಾಗಿಲನ್ನು ಎಳೆದು ಮುಚ್ಚಿದಳು. ಆಮೇಲೆ ರೇಡಿಯೋ ಹಾಕಿದಳು. ಗಾಳಿಗೆ ಕಿಟಕಿ ಮುಚ್ಚುವವರ ಹಾಗೆ, ಮುಖದಲ್ಲಿ ಏನೂ ಇರಲಿಲ್ಲ.

ಅಂಗಡಿಯಲ್ಲಿ ಬೇರೆ ಊರಿನ ತಾಯಿಯೊಬ್ಬಳು ಮಗಳೊಡನೆ ಬಂದಿದ್ದಳು. ಬಾಗಿಲು ಮುಚ್ಚಿದರೂ ಮಗುವಿಗೆ ಹಾಡಿನ ಗುರುತು ಸಿಕ್ಕಿಬಿಟ್ಟಿತು. ಚಪ್ಪು, ಚಪ್ಪು ಎಂದು ಕುಣಿಯತೊಡಗಿತು. ಒಳಗೆ ಚೂರಿ ಮಸೆಯುತ್ತ ಕೂತಿದ್ದ ಆಕೆಯ ಮುದಿ ತಂದೆ ತಲೆ ಎತ್ತಿದರು.

“ಆ ಹಾಡು ಹಾಡಿದ್ದು ನಮ್ಮಿವಳೇ ಕಣಮ್ಮ. ಆಗ ಒಂಬತ್ತು ವರ್ಷ ಇವಳಿಗೆ. ಕಿನು, ಮಗೂಗೆ ಒಂಚೂರು ಹಾಡಿ ತೋರ್ಸು.”

ಆಕೆ ಕೈ ಒರೆಸಿಕೊಂಡು, ನಕ್ಕು, ಎರಡು ಸಾಲು ಹಾಡಿದಳು. ಮಕ್ಕಳ ದನಿ ಕೇಳುವುದೇ ನನ್ನ ಕಸುಬು. ಅದು ಅಪ್ಪಟ ಮಗುವಿನ ದನಿ. ಆದರೆ ಹಾಡುವಾಗ ಆಕೆಯ ಕತ್ತಿನ ನರಗಳು ಹಗ್ಗದಂತೆ ಬಿಗಿದುಕೊಂಡವು. ಮಗು ಚಪ್ಪಾಳೆ ತಟ್ಟಿತು. ನನ್ನ ಮೀನನ್ನು ಕಾಗದದಲ್ಲಿ ಸುತ್ತಿ ಕೊಡುತ್ತ ಆಕೆ, ಸಣ್ಣ ಉರಿಯಲ್ಲಿ ಸುಡಬೇಕೆಂದು ಹೇಳಿದಳು. ಆ ಮಾತಿನ ದನಿ ಬೇರೆ. ತಗ್ಗಿನದು, ತುಂಬಿದ ಕೊಡದಂಥದು. ಒಂದೇ ಬಾಯಿಂದ ಎರಡು ದನಿ ಬಂದದ್ದನ್ನು ಯೋಚಿಸುತ್ತ ಮನೆಗೆ ಬಂದೆನು.

ಆಕೆಯ ಕತೆಯನ್ನು ಊರವರೇ ನನಗೆ ಹೇಳಿದರು. ಚಿತ್ರಮಾಲೆಯ ನಾಯಕ ಒಂದು ಮಾತನಾಡುವ ದೋಣಿ. ಅದನ್ನು ಮಾಡುವವರು ಹಳೆಯ ದೋಣಿಗಳ ಎಂಜಿನ್ನಿನ ಪೊಂಪೊಂ ಸದ್ದನ್ನು ಹಿಡಿದುಕೊಳ್ಳಲು ತೋಕಿಯೋದಿಂದ ಈ ಬಂದರಿಗೆ ಬಂದಿದ್ದರು. ಸಂಗೀತದವರು ದಡದಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದಾಗ ಒಬ್ಬ ಹುಡುಗಿ ಸಮುದ್ರದಲ್ಲಿದ್ದ ತಾತನನ್ನು ಊಟಕ್ಕೆ ಕರೆದಳಂತೆ. ಆ ಕೂಗು ಎಂಜಿನ್ನಿನ ಸದ್ದನ್ನೂ ಸೀಳಿಕೊಂಡು ಹೋಯಿತು. ಕಿನುಕೊಳನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಹಾಡಿಸಿದರು. ‘ಮನೆಗೆ ಬಾ, ಮನೆಗೆ ಬಾ, ದೀಪ ಹತ್ತಿತು ದಡದಲಿ’ ಎಂಬುದು ಪಲ್ಲವಿ. ಚಿತ್ರಮಾಲೆ ಪ್ರತಿ ಬೇಸಿಗೆ ರಜೆಯಲ್ಲಿಯೂ ಮತ್ತೆ ಮತ್ತೆ ಬಂತು. ತಲೆಮಾರಿನ ಮೇಲೆ ತಲೆಮಾರು ಮಕ್ಕಳು ಅದನ್ನು ನೋಡಿ ಬೆಳೆದರು. ಹಾಡಿನ ಹುಡುಗಿ ಮಾತ್ರ ಬೆಳೆಯಲಿಲ್ಲ.

ಕಿನುಕೊ ಬೆಳೆದಳು. ಹದಿಮೂರಕ್ಕೆ ದನಿ ತಗ್ಗಿತು. ಹೈಸ್ಕೂಲು ಮುಗಿಸಿ ಗಾಯಕಿಯಾಗಬೇಕೆಂದು ತೋಕಿಯೋಗೆ ಹೋದಳು. ಹೋದ ಕಡೆಯೆಲ್ಲ ಮೊದಲು ಸಂತೋಷಪಟ್ಟರು, ಆಮೇಲೆ ದನಿ ಕೇಳಿ ಪೆಚ್ಚಾದರು. ಹಳೆಯ ಹಾಡುಗಳ ಕಾರ್ಯಕ್ರಮಗಳವರು ಮಾತ್ರ ಬಿಡದೆ ಕರೆಯುತ್ತಿದ್ದರು, ಅದೂ ಅದೇ ಶ್ರುತಿಯಲ್ಲಿ, ಅದೇ ದನಿಯಲ್ಲಿ. ಗಂಟಲನ್ನು ಹಿಂಡಿ ಮಗುವಾಗುವುದನ್ನು ಆಕೆ ಅಲ್ಲಿ ಕಲಿತಳು. ಮೆರವಣಿಗೆಯ ಗೊಂಬೆಯ ಹಾಗೆ ಪುಟ್ಟ ನಾವಿಕನ ಟೋಪಿ ತೊಡಿಸಿ ನಿಲ್ಲಿಸುತ್ತಿದ್ದರಂತೆ. ತಾಯಿ ತೀರಿಕೊಂಡು, ತಂದೆಗೆ ಸೊಂಟ ಹಿಡಿದಾಗ ಅಂಗಡಿ ನೋಡಿಕೊಳ್ಳಲು ಊರಿಗೆ ಹಿಂತಿರುಗಿದಳು. ಇಲ್ಲಾದರೂ ಬರೀ ಮೀನಿನ ಕಿನುಕೊ ಆಗಿರಬಹುದು ಎಂದುಕೊಂಡಿದ್ದಳು.

ಅದೇ ವರ್ಷ ಊರಿಗೆ ಧ್ವನಿವರ್ಧಕದ ಕಂಬಗಳು ಬಂದವು. ಸಂಜೆಗೆ ಯಾವ ರಾಗ ಹಾಕುವುದೆಂದು ಬೀದಿ ಸಂಘದ ಸಭೆ ಸೇರಿತು. ಸಂಘದ ಮುಖ್ಯಸ್ಥರು ಕ್ಷೌರಿಕ ಸೊಗಾಬೆಯವರು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ನಮ್ಮ ಹುಡುಗಿಯ ಹಾಡೇ ಇರುವಾಗ ಬೇರೆ ಯಾಕೆ ಎಂದು ಅವರು ಕೇಳಿದರು. ಎಲ್ಲರೂ ಹಿಂದಿನ ಸಾಲಿನಲ್ಲಿ ಕೂತಿದ್ದ ಕಿನುಕೊಳ ಕಡೆ ತಿರುಗಿದರು. ಆಕೆ ತಲೆ ಬಾಗಿಸಿದಳು. ನಮ್ಮ ಸಭೆಗಳಲ್ಲಿ ಬೇಡ ಎನ್ನುವವನೂ ತಲೆ ಬಾಗಿಸುತ್ತಾನೆ, ಆಗಲಿ ಎನ್ನುವವನೂ ತಲೆ ಬಾಗಿಸುತ್ತಾನೆ. ಯಾವುದೆಂದು ಉಳಿದವರು ಅರಿಯಬೇಕು. ಅಂದು ಯಾರೂ ಅರಿಯಲಿಲ್ಲ. ಸಂತೋಷಕ್ಕೆ ಮಾತೇ ಹೊರಡಲಿಲ್ಲ ಪಾಪ ಎಂದು ಸೊಗಾಬೆಯವರು ಎಷ್ಟೋ ವರ್ಷಗಳ ಮೇಲೂ ನನ್ನ ತಲೆಗೂದಲು ಕತ್ತರಿಸುತ್ತ ಹೇಳುತ್ತಿದ್ದರು.

ಇಡೀ ಊರು ಆಕೆಯನ್ನು ಮಗುವನ್ನು ಕರೆದಂತೆ ಕಿನುಚಾನ್ ಎಂದೇ ಕರೆಯುತ್ತಿತ್ತು. ಮದುವೆಮನೆಯಲ್ಲಿ, ಶಾಲೆಯ ಆಟದ ದಿನದಲ್ಲಿ, ಹೊಸ ದೋಣಿ ನೀರಿಗಿಳಿಸುವಾಗ ಎರಡು ಸಾಲು ಹಾಡಿಸುವುದು ವಾಡಿಕೆಯಾಗಿಬಿಟ್ಟಿತ್ತು. ಆಕೆ ಒಲ್ಲೆ ಎಂದದ್ದನ್ನು ನಾನು ಕಂಡಿಲ್ಲ. ಆದರೆ ಸಂಜೆ ಐದಕ್ಕೆ ಬಾಗಿಲು ಮುಚ್ಚುವುದನ್ನೂ ಬಿಟ್ಟದ್ದಿಲ್ಲ.

ಬುಧವಾರಗಳಂದು ಸಮುದಾಯ ಭವನದಲ್ಲಿ ಹೆಂಗಸರಿಗೆ ಮೇಳಗಾನ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬುಧವಾರ ಕಿನುಕೊ ಬಂದು ಹಿಂದಿನ ಸಾಲಿನ ಕೊನೆಯಲ್ಲಿ, ತಗ್ಗಿನ ಸ್ವರದವರ ಜೊತೆ ನಿಂತಳು. ಮುಂದೆ ಬಾರೆಂದು ಎಲ್ಲರೂ ಎಳೆದರು, ಅಲ್ಲೇ ಇರುತ್ತೇನೆಂದಳು. ಆಕೆಯ ನಿಜವಾದ ದನಿಯನ್ನು ಪೂರ್ತಿಯಾಗಿ ಕೇಳಿದ್ದು ಅಂದು. ಉಳಿದವರ ಸ್ವರಗಳು ಅದರ ಮೇಲೆ ಚಾಪೆ ಹಾಸಿದಂತೆ ಕೂತವು. ಮುಗಿದ ಮೇಲೆ ಕುರ್ಚಿಗಳನ್ನು ಮಡಿಚುತ್ತಿರುವಾಗ, ಇಂಥ ದನಿಯನ್ನು ಯಾಕೆ ಮುಚ್ಚಿಟ್ಟಿದ್ದೀರಿ ಎಂದು ಕೇಳಿದೆನು. ಮೇಷ್ಟರನ್ನು ನಮ್ಮಲ್ಲಿ ಸೆನ್ಸೇ ಎನ್ನುತ್ತಾರೆ.

“ನಾನೆಲ್ಲಿ ಮುಚ್ಚಿಟ್ಟೆ ಸೆನ್ಸೇ? ಯಾರಿಗೂ ಬೇಕಿಲ್ಲ ಅಷ್ಟೆ. ನನಗೆ ವಯಸ್ಸಾಗ್ತಾ ಇದೆ, ಆ ಹುಡುಗಿಗೆ ಆಗ್ತಿಲ್ಲ. ನಾಳೆ ನಾನು ಸತ್ತರೂ ಐದು ಗಂಟೆಗೆ ಅವಳು ಹಾಡ್ತಾಳೆ, ಊರೋರು ಅಯ್ಯೋ ಕಿನುಚಾನ್ ಇಲ್ಲೇ ಇದ್ದಾಳಲ್ಲ ಅಂತಾರೆ.” ಕುರ್ಚಿಯನ್ನು ಗೋಡೆಗೆ ಒರಗಿಸಿ ಮತ್ತೆ ಹೇಳಿದಳು: “ಒಂದೇ ಒಂದು ಸಲ ಈ ಊರು ನನ್ನ ದನೀನ ಕೇಳ್ಬೇಕು. ಚೆನ್ನಾಗಿಲ್ಲ ಅಂದ್ರೂ ಸರಿ. ಇದು ನಂದು ಅಂತ ಗೊತ್ತಾಗ್ಬೇಕು.”

ಮುಂದೆ ನನಗೆ ಗುಡ್ಡದ ಸುರಂಗದಾಚೆಯ ಶಾಲೆಗಳಿಗೆ ವರ್ಗವಾಯಿತು. ಮನೆಯನ್ನು ಮಾತ್ರ ಇಲ್ಲಿಯೇ ಉಳಿಸಿಕೊಂಡೆನು, ಬುಧವಾರಗಳನ್ನೂ. ಕಿನುಕೊಳ ತಂದೆ ತೀರಿಕೊಂಡರು. ಅಂಗಡಿ ಬಿಟ್ಟು ಬೇರೆಲ್ಲಾದರೂ ಹೋಗಬಹುದಲ್ಲ ಎಂದು ನನ್ನ ಹೆಂಡತಿ ಒಮ್ಮೆ ಆಕೆಗೆ ಹೇಳಿದಳು. ಎಲ್ಲಿಗೆ ಹೋದರೂ ಬೇಸಿಗೆಗೆ ಟಿವಿಯಲ್ಲಿ ಅವಳು ಬರುತ್ತಾಳೆ, ಇಲ್ಲಿ ಮೀನಾದರೂ ಇದೆ ಎಂದು ಕಿನುಕೊ ನಕ್ಕಳಂತೆ.

ಹೀಗೆ ವರ್ಷಗಳು ಕಳೆದು, ನಾನು ನಿವೃತ್ತನಾದ ವರ್ಷ ಊರಿನ ಧ್ವನಿವರ್ಧಕಗಳ ಯಂತ್ರವನ್ನು ಬದಲಾಯಿಸಿದರು. ಹಳೆಯ ಟೇಪು ಜಗ್ಗಿ ಹೋಗಿತ್ತು. ಹುಡುಗಿ ನೀರಿನೊಳಗಿಂದ ಹಾಡಿದಂತೆ ಕೇಳುತ್ತಿತ್ತು. ಪುರಸಭೆಯ ಮಿನೊವ ಎಂಬ ಎಳೆಯ ಗುಮಾಸ್ತ, ಬೇರೆ ಊರಿನವನು, ಸಿಹಿತಿಂಡಿಯ ಪೆಟ್ಟಿಗೆ ಹಿಡಿದು ಸೊಗಾಬೆಯವರೊಡನೆ ಅಂಗಡಿಗೆ ಬಂದನು. ಹಾಡನ್ನು ಹೊಸದಾಗಿ ಹಾಡಿಕೊಡಬೇಕೆಂದು ಕೇಳಿಕೊಂಡನು. ನಾನು ಅಲ್ಲಿಯೇ ಚಹಾ ಕುಡಿಯುತ್ತ ಕೂತಿದ್ದೆನು. ಸೊಗಾಬೆಯವರಿಗೆ ಆಗಲೇ ಎಂಬತ್ತು ಸಮೀಪಿಸಿತ್ತು.

“ಇವಳಿಗೇನಪ್ಪ ಕಷ್ಟ,” ಎಂದು ಗುಮಾಸ್ತನ ಬೆನ್ನು ತಟ್ಟಿದರು. “ಅದು ಇವಳೇ ತಾನೇ. ಬಾಯಿ ತೆಗೆದ್ರೆ ಚಪ್ಪು ಬರ್ತಾನೆ.”

ಕಿನುಕೊ ತಲೆ ಬಾಗಿಸಿದಳು. ಈ ಸಲ ಅದು ಯಾವ ಬಾಗು ಎಂದು ನನಗೂ ತಿಳಿಯಲಿಲ್ಲ.

ಆಕೆ ಪುರಸಭೆಯ ಚಿಕ್ಕ ಕೋಣೆಯಲ್ಲಿ ಕೂತು ತನ್ನ ಸ್ವಂತ ದನಿಯಲ್ಲಿ, ತನಗೆ ಒಗ್ಗುವ ಶ್ರುತಿಯಲ್ಲಿ, ನಿಧಾನವಾಗಿ ಹಾಡಿದಳು. ಮಿನೊವ ಚಪ್ಪುವನ್ನು ನೋಡಿ ಬೆಳೆದವನಲ್ಲ. ಬಹಳ ಸೊಗಸಾಗಿದೆ ಎಂದು ಮನಸಾರೆ ಮೆಚ್ಚಿ ಯಂತ್ರಕ್ಕೆ ಏರಿಸಿದನು. ಯಾರನ್ನೂ ಕೇಳಲಿಲ್ಲ, ಹಾಡಿದವರೇ ಹಾಡಿದ ಮೇಲೆ ಕೇಳುವುದೇನು ಎಂದುಕೊಂಡನು.

ಅಕ್ಟೋಬರಿನ ಒಂದು ಸೋಮವಾರ ಅದು ಮೊದಲ ಬಾರಿಗೆ ಕೇಳಿಬಂತು. ನಾನು ಅಂಗಳದಲ್ಲಿ ಪರ್ಸಿಮನ್ ಹಣ್ಣು ಕೀಳುತ್ತಿದ್ದವನು ಏಣಿಯ ಮೇಲೆಯೇ ನಿಂತುಬಿಟ್ಟೆನು. ದನಿ ಬಂದರಿನಿಂದ ಗುಡ್ಡಕ್ಕೆ ಹೋಗಿ, ಗುಡ್ಡದಿಂದ ತಿರುಗಿ ಬಂತು. ಪಕ್ಕದ ಮನೆಯವಳು ಬಟ್ಟೆ ತೆಗೆಯುವುದನ್ನು ನಿಲ್ಲಿಸಿ ಕಂಬದ ಕಡೆ ನೋಡಿದಳು. ಅಂದು ಕಿನುಕೊ ಬಾಗಿಲು ಮುಚ್ಚದೆ ಅಂಗಡಿಯ ಮುಂದೆ ಬಂದು ನಿಂತಿದ್ದಳೆಂದು ಆಮೇಲೆ ತಿಳಿಯಿತು.

ಹಾಡು ಮುಗಿಯಿತು. ಕತ್ತಲಾಗುತ್ತ ಬಂತು. ಮಕ್ಕಳು ಮಾತ್ರ ಮನೆಗೆ ಬರಲಿಲ್ಲ.

ತಾಯಂದಿರು ಒಬ್ಬೊಬ್ಬರಾಗಿ ಬೀದಿಗಿಳಿದರು. ಮೊದಲು ಸುಮ್ಮನೆ ಹೆಸರು ಹಿಡಿದು ಕರೆದರು, ಆಮೇಲೆ ಓಡತೊಡಗಿದರು. ಸಮುದ್ರದ ಊರಿನಲ್ಲಿ ಕತ್ತಲೆಗೆ ಮಗು ಕಾಣದಿದ್ದರೆ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಕಿನುಕೊಳೂ ಮೀನಿನ ಏಪ್ರನ್ ತೊಟ್ಟೇ ಓಡಿದಳು. ಮಕ್ಕಳು ಸಿಕ್ಕರು, ಅಲೆತಡೆಯ ಕಲ್ಲುಗಳ ಸಂದಿಯಲ್ಲಿ ಟಾರ್ಚೂ ಇಲ್ಲದೆ ಏಡಿ ಹಿಡಿಯುತ್ತಿದ್ದರು. ನೀರು ಏರುತ್ತಿತ್ತು, ಕೆಳಗಿನ ಕಲ್ಲುಗಳು ಆಗಲೇ ಮುಳುಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಕರೆ ಕೇಳಲಿಲ್ಲವೇ ಎಂದು ಅಮ್ಮಂದಿರು ಗದರಿಸಿದಾಗ ಒಂದು ಹುಡುಗಿ ಬೆಪ್ಪಾಗಿ ನಿಂತು ಹೇಳಿತು:

“ಚಪ್ಪು ಕರೀಲೇ ಇಲ್ವಲ್ಲಮ್ಮ. ಯಾರೋ ದೊಡ್ಡೋರು ಹಾಡ್ತಿದ್ರು.”

ಕಿನುಕೊ ಅದನ್ನು ಹತ್ತಿರವೇ ನಿಂತು ಕೇಳಿದಳು.

ಮರುದಿನ ಆಕೆ ಅಂಗಡಿ ತೆರೆಯಲಿಲ್ಲ. ಒಳ್ಳೆಯ ಕಿಮೊನೊ ಉಟ್ಟು, ಒಣಮೀನಿನ ಪೊಟ್ಟಣಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಆ ಮಕ್ಕಳ ಮನೆ ಮನೆಗೆ ಹೋಗಿ ಬಾಗಿಲಲ್ಲಿ ಮೊಣಕಾಲೂರಿ ಕ್ಷಮೆ ಕೇಳಿದಳು. ಯಾರೂ ಆಕೆಯನ್ನು ದೂರಿರಲಿಲ್ಲ. ಆ ತಾಯಂದಿರೂ ಎದುರಿಗೆ ಮೊಣಕಾಲೂರಿ, ತಪ್ಪು ನಮ್ಮದು, ಮಕ್ಕಳಿಗೆ ಗಡಿಯಾರ ನೋಡಲು ಕಲಿಸಲಿಲ್ಲ ಎಂದು ಬೇಡಿಕೊಂಡರು. ಹಾಡು ಚೆನ್ನಾಗಿತ್ತು ಎಂದು ಒಬ್ಬರೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು. ಕೊನೆಗೆ ಪುರಸಭೆಗೆ ಹೋದಳು. ಹೆದರಿ ಬಿಳಿಚಿಕೊಂಡಿದ್ದ ಮಿನೊವನನ್ನು ಸಮಾಧಾನಪಡಿಸಿ, ಹಳೆಯ ಟೇಪನ್ನು ಹೇಗಾದರೂ ಸರಿಮಾಡಿಸಿ ಹಾಕಿಬಿಡಿ ಎಂದು ತಾನೇ ಕೇಳಿದಳು.

“ಮಕ್ಕಳು ಅವಳು ಕರೆದ್ರೇ ಬರೋದು,” ಎಂದಳಂತೆ. “ನಾನು ಕರೆದ್ರೆ ಬರಲ್ಲ.”

ಟೇಪು ತೋಕಿಯೋಗೆ ಹೋಗಿ ಸ್ವಚ್ಛವಾಗಿ ಬಂತು. ಹುಡುಗಿಯ ದನಿ ಮೊದಲಿಗಿಂತ ಎಳೆಯದಾಗಿ ಕೇಳುತ್ತಿತ್ತು. ಆ ಬುಧವಾರ ಕಿನುಕೊ ಮೇಳಕ್ಕೆ ಬರಲಿಲ್ಲ, ಮುಂದಿನ ಬುಧವಾರವೂ ಬರಲಿಲ್ಲ. ನಾನು ಅಂಗಡಿಗೆ ಹೋದಾಗ, ಗಂಟಲು ಕಟ್ಟಿದೆಯೆಂದಳು. ಗಂಟಲು ಸರಿಯಾಗಿಯೇ ಇತ್ತು.

ನಾನು ಅಲ್ಲಿ ಕೂತಿದ್ದಾಗಲೇ ಗುಡ್ಡದ ಮನೆಯ ಹಾತ್ಸು ಅಜ್ಜಿ ಕೈಗಾಡಿ ತಳ್ಳಿಕೊಂಡು ಬಂದರು. ತೊಂಬತ್ತರ ಮುದುಕಿ, ಕಿವಿ ಮಂದ. ಸಾರ್ಡಿನ್ ಮರಿಗಳನ್ನು ಅಳೆಸಿಕೊಂಡು, ಏನೋ ನೆನಪಾದವರಂತೆ ಕೇಳಿದರು: “ಅಲ್ಲ ಕಣೇ ಕಿನುಚಾನ್, ಮೊನ್ನೆ ಹಾಡಿದ್ಯಲ್ಲ, ಅದ್ಯಾಕೆ ನಿಲ್ಲಿಸ್ಬಿಟ್ರು? ಆ ಹಾಡಲ್ಲಿ ದೀಪ ಹತ್ತೋ ಮಾತಿದೆ ಅಂತ ನಂಗೆ ಮೊನ್ನೆನೇ ಗೊತ್ತಾಗಿದ್ದು. ಈಗ ಮತ್ತೆ ಸೊಳ್ಳೆ ಗುಂಯ್ ಅಂತಿದೆ.”

ಕಿನುಕೊ ತಕ್ಕಡಿಗೆ ಇನ್ನೊಂದು ಹಿಡಿ ಮೀನು ಸುರಿದಳು.

ವಯಸ್ಸಾದ ಕಿವಿಗೆ ಮೊದಲು ಇಲ್ಲವಾಗುವುದು ಎತ್ತರದ ಸ್ವರ. ನನಗೂ ಈಗ ಅದರ ಅನುಭವವಾಗುತ್ತಿದೆ. ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಮುದುಕರು; ಭೂಕಂಪದ ಕವಾಯತು, ಬಿರುಗಾಳಿಯ ಎಚ್ಚರಿಕೆ, ದಾರಿ ತಪ್ಪಿದ ಹಿರಿಯರ ಸುದ್ದಿ ಎಲ್ಲವನ್ನೂ ಪುರಸಭೆಯ ಹುಡುಗಿಯೊಬ್ಬಳು ಕೀರಲು ದನಿಯಲ್ಲಿ ಓದುತ್ತಿದ್ದಳು, ಯಾರಿಗೂ ತಿಳಿಯುತ್ತಿರಲಿಲ್ಲ. ಹಾತ್ಸು ಅಜ್ಜಿ ಆ ಮಾತನ್ನು ಪುರಸಭೆಯಲ್ಲಿಯೂ ಹೋಗಿ ಹೇಳಿದರು. ಬೇರೆ ಮುದುಕರೂ ಹೇಳಿದರೆಂದು ಕೇಳಿದೆನು. ಮಿನೊವ ಮತ್ತೊಂದು ಸಿಹಿಯ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದನು, ಈ ಸಲ ಒಬ್ಬನೇ. ಸುದ್ದಿಗಳನ್ನು ನೀವೇ ಓದಿಕೊಡಬೇಕೆಂದು ಕೇಳಿಕೊಂಡನು.

ಈಗ ಕಿನುಕೊಳಿಗೆ ಅರವತ್ತು ದಾಟಿದೆ. ಬೆಳಿಗ್ಗೆ ಮೀನು, ಮಧ್ಯಾಹ್ನದ ಮೇಲೆ ಪುರಸಭೆಯ ಆ ಚಿಕ್ಕ ಕೋಣೆ. ಆಕೆ ಒಂದು ತುಣುಕು ಹೇಳಿ ನಿಲ್ಲುತ್ತಾಳೆ. ಅದು ಗುಡ್ಡಕ್ಕೆ ತಾಗಿ ತಿರುಗಿ ಬಂದ ಮೇಲೆ ಮುಂದಿನದನ್ನು ಹೇಳುತ್ತಾಳೆ, ಇಲ್ಲವಾದರೆ ಮಾತಿನ ಮೇಲೆ ಮಾತು ಬೀಳುತ್ತದೆ. “ಬೂದು ಬಣ್ಣದ ಸ್ವೆಟರು ತೊಟ್ಟ. ಎಪ್ಪತ್ತೆಂಟು ವರ್ಷ ವಯಸ್ಸಿನ. ಗಂಡಸರೊಬ್ಬರು. ಕಾಣೆಯಾಗಿದ್ದಾರೆ.” ಆ ದನಿಗೆ ನಾವು ಕಿಟಕಿ ತೆರೆಯುತ್ತೇವೆ. ಹಾಡಬೇಕೆಂದಿದ್ದವಳು ಕಳೆದುಹೋದವರ ಸ್ವೆಟರಿನ ಬಣ್ಣ ಹೇಳುತ್ತಿದ್ದಾಳೆ. ತೃಪ್ತಿಯಿದೆಯೇ ಎಂದು ಒಂದು ಬುಧವಾರ ಕೇಳಿದೆನು. ಮೊದಲು ಕಂಬದಲ್ಲಿ ಒಬ್ಬಳನ್ನು ಕಟ್ಟಿಹಾಕಿದ್ದರು, ಈಗ ಇಬ್ಬರನ್ನೂ ಕಟ್ಟಿದ್ದಾರೆ ಸೆನ್ಸೇ ಎಂದು ನಕ್ಕಳು. ಮೇಳದಲ್ಲಿ ಇಂದಿಗೂ ಹಿಂದಿನ ಸಾಲೇ.

ಮುದುಕರು ಮನೆ ಬಿಟ್ಟು ಹೊರಡುವುದು ಹೆಚ್ಚಾಗಿ ಸಂಜೆಯ ಹೊತ್ತು. ಆದ್ದರಿಂದ ಐದು ಗಂಟೆಯ ಸುಮಾರಿಗೆ ಆಕೆ ಮೈಕಿನ ಮುಂದೆ ಸಿದ್ಧಳಾಗಿಯೇ ಕೂತಿರುತ್ತಾಳೆ. ಯಂತ್ರದಲ್ಲಿ ಒಂದು ಹೊತ್ತಿಗೆ ಒಂದೇ ದನಿ ಹೋಗುವುದು. ಎಷ್ಟೇ ಅವಸರದ ಸುದ್ದಿ ಕೈಯಲ್ಲಿದ್ದರೂ ಕಿನುಕೊ ಗುಂಡಿಯ ಮೇಲೆ ಬೆರಳಿಟ್ಟು, ಬಾಯಿ ಮುಚ್ಚಿ, ಆ ಹುಡುಗಿ ಹಾಡಿ ಮುಗಿಸುವುದನ್ನು ಕಾಯುತ್ತಾಳೆ.