ಎಲ್ಡನ್ ಇಟ್ಟ ನಾಲ್ಕು ನಿಮಿಷ

ನನ್ನನ್ನು ಒಂದು ಮಾತೂ ಕೇಳದೆ ಮಾಡಿದ. ಅದೊಂದಕ್ಕೆ ಎಲ್ಡನ್ ಕೊವಾಚ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಮೆರಿಕದ ಟೊಲೆಡೊ ಪಕ್ಕದ ನಮ್ಮ ಊರಿನಲ್ಲಿ ನಾನು ಸೈಲೆನ್ಸರ್ ವೆಲ್ಡಿಂಗ್ ಮಾಡುವವನು. ಎಲ್ಡನ್ ಚರ್ಚುಗಳ ಎಲೆಕ್ಟ್ರಿಕ್ ಆರ್ಗನ್ ವಾದ್ಯಗಳ ರಿಪೇರಿ ಮಾಡುತ್ತಿದ್ದವನು. ಆ ಕೆಲಸ ಕಡಿಮೆಯಾದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಕೂತು ಕಾರಿನ ಹುಚ್ಚಿರುವ ನಮ್ಮಂಥವರ ಕಾರಿಗೆ ಪೆಟ್ಟಿಗೆ ಮಾಡಿಕೊಡತೊಡಗಿದ. ಅದರ ಗುಂಡಿ ಒತ್ತಿದರೆ ಹೊಗೆಕೊಳವೆಯ ಮುಚ್ಚಳ ತೆರೆದು, ಹೊಗೆ ಸೈಲೆನ್ಸರಿನೊಳಗೆ ಹೋಗದೆ ನೇರ ಹೊರಗೆ ಬರುತ್ತದೆ, ಕಾರು ಗುಡುಗುತ್ತದೆ. ಅಂಗಡಿಯ ಪೆಟ್ಟಿಗೆಗಳ ಮೋಟಾರು ತಿಂಗಳಿಗೇ ಸುಟ್ಟುಹೋಗುತ್ತಿತ್ತು. ಎಲ್ಡನ್ ಗುಜರಿ ಕಾರುಗಳ ಕಿಟಕಿ ಮೋಟಾರು ಬಿಚ್ಚಿ ತರುತ್ತಿದ್ದ.

"ಮುಚ್ಚಳ ಪೂರ್ತಿ ತೆರೆದ್ಮೇಲೂ ತಳ್ತಾ ಇದ್ರೆ ಮೋಟ್ರಿಗೆ ಏದುಸಿರು ಬರುತ್ತೆ ಕಣೋ, ಕರೆಂಟು ಜಾಸ್ತಿ ಎಳೆಯುತ್ತೆ. ಅದನ್ನ ಕೇಳಿಸ್ಕೊಂಡು ನಿಲ್ಲಿಸ್ಬೇಕು," ಎನ್ನುತ್ತಿದ್ದ. ಹಾಗೆ ಕೇಳಿಸಿಕೊಳ್ಳುವ ಸರ್ಕಿಟ್ಟನ್ನು ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರಿಸುತ್ತಿದ್ದ. ಅವನು ಓಡಿಸುತ್ತಿದ್ದದ್ದು ಮಾತ್ರ ಸದ್ದೇ ಇಲ್ಲದ ಹಳೇ ವ್ಯಾನು.

ಆ ಬೇಸಿಗೆ ನನ್ನ ಕಾರಿನ ಮುಚ್ಚಳ ತೆರೆದಲ್ಲೇ ಸಿಕ್ಕಿಕೊಂಡು, ಗದ್ದಲಕ್ಕೆ ಎರಡು ಸಲ ದಂಡ ಬಿದ್ದಿತ್ತು. ಮೂರನೆಯ ದೂರು ಹೋದರೆ ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗುವವರಿದ್ದರು. ಹನ್ನೊಂದು ವರ್ಷ ಕೈಯಾರೆ ಕಟ್ಟಿದ ಕಾರು. ಎಲ್ಡನ್‌ಗೆ ಹೇಳಿದೆ. ಅವನು ನಮ್ಮ ಬೀದಿಗೆ ಬಂದು ಅಳತೆ ತೆಗೆದುಕೊಂಡು, ಮುಂದಿನ ಶುಕ್ರವಾರ ಸಂಜೆ ಪೆಟ್ಟಿಗೆ ಜೋಡಿಸಿಕೊಟ್ಟ.

ಶನಿವಾರ, ಮುಚ್ಚಿಹೋದ ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ಎಂದಿನಂತೆ ನಮ್ಮ ಗುಂಪಿನ ಕಾರುಗಳೆಲ್ಲ ಬಾನೆಟ್ ಎತ್ತಿ ನಿಂತಿದ್ದವು. ಮೊದಲ ಗುಡುಗು ಜನರ ಮುಂದೆಯೇ ಆಗಲಿ ಎಂದು ದಾರಿಯಲ್ಲಿ ನಾನು ಗುಂಡಿ ಮುಟ್ಟಿರಲಿಲ್ಲ. ಎಲ್ಲರನ್ನೂ ಕರೆದು, ಕಾರು ಸ್ಟಾರ್ಟ್ ಮಾಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ.

"ಏನ್ ರಸ್, ಹೊಲಿಗೆ ಮಿಷನ್ ತಂದಿದೀಯಾ?" ಎಂದ ಒಬ್ಬ.

ಮಡಚುಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ ಎಲ್ಡನ್ ಗಡಿಯಾರ ನೋಡಿಕೊಂಡ. "ತಡಿ ಮಾರಾಯ. ಸ್ಟಾರ್ಟ್ ಮಾಡಿ ನಾಲ್ಕು ನಿಮಿಷ ಆಗ್ಬೇಕು. ನಾನೇ ಹಾಗೆ ಇಟ್ಟಿದೀನಿ."

"ಯಾರನ್ನ ಕೇಳಿ ಇಟ್ಟೆ? ಮೋಸಗಾರ! ಆರ್ಗನ್ ಬಿಟ್ಟು ಬೇರೇನೂ ಬರಲ್ಲ ಅಂತ ಒಪ್ಕೋ!"

ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲಾರೆ. ಬೈಯುತ್ತಲೇ ಗುಂಡಿಯನ್ನು ಗುದ್ದಿದೆ. ಅಷ್ಟರಲ್ಲಿ ನಾಲ್ಕು ನಿಮಿಷ ತುಂಬಿತ್ತು, ಕಾರು ಗುಡುಗಿತು. ಜನ ಬಿದ್ದು ಬಿದ್ದು ನಕ್ಕರು. ಎಲ್ಡನ್ ಕುರ್ಚಿ ಮಡಚಿ ವ್ಯಾನಿಗೆ ಹಾಕಿಕೊಂಡು ಹೋದ. ಮತ್ತೆ ಅಲ್ಲಿಗೆ ಬರಲಿಲ್ಲ.

ಸೋಮವಾರ ಸಂಜೆ ಎದುರುಮನೆಯ ಡೊರೀನ್ ಕರೆದಳು. ರಾತ್ರಿಪಾಳಿಯ ನರ್ಸ್, ನಾನು ಕೆಲಸಕ್ಕೆ ಹೊರಡುವುದೂ ಆಕೆ ಮಲಗುವುದೂ ಒಂದೇ ಹೊತ್ತು.

"ಮೂರನೇ ದೂರು ಬರೆದಿಟ್ಟಿದ್ದೆ ರಸ್. ನಿಮ್ಮ ಸ್ನೇಹಿತರು ಅಳತೆಗೆ ಬಂದಾಗ ಒಂದ್ವಾರ ತಡೀರಿ ಅಂದ್ರು. ಇನ್ಮೇಲೆ ಈ ಬೀದಿ ದಾಟೋವರ್ಗೂ ಸದ್ದಾಗಲ್ಲ ಅಂದ್ರು. ಇವತ್ತು ನಿದ್ದೆ ಬಂತು. ಹರಿದು ಹಾಕ್ದೆ."

ದೂರು ಕೊಟ್ಟವಳು ಡೊರೀನ್ ಎಂದು ಎಲ್ಡನ್ ಮೊದಲೇ ಹೇಳಿದ್ದರೆ ನಾನು ಆಕೆಯ ಬಾಗಿಲಿಗೇ ಹೋಗಿ ಕೂಗಾಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ಎಲ್ಡನ್‌ನ ನೆಲಮಾಳಿಗೆಗೆ ಇಳಿದು ತಪ್ಪಾಯಿತು ಎಂದೆ. ಕೈಯಲ್ಲಿದ್ದ ಕೆಲಸದಿಂದ ಅವನು ತಲೆ ಎತ್ತಲಿಲ್ಲ.

"ಬೈದಿದ್ದು ಅಲ್ಲಿ, ಅಷ್ಟು ಜನರ ಮುಂದೆ. ಇಲ್ಲಿ ಯಾರಿದಾರೆ ಕೇಳೋಕೆ?"

"ಈ ಶನಿವಾರ ಅಲ್ಲೇ ಹೇಳ್ತೀನಿ."

"ಹೇಳು. ಆಮೇಲೆ ನಾನೂ ಬರ್ತೀನಿ."

ಶನಿವಾರ ಹೋದೆ. ಹೊಲಿಗೆ ಮಿಷನ್ನಿನ ಮಾತು ಮತ್ತೆ ಬಂತು, ನನಗೆ ಸಿಟ್ಟು ಬಂತು, ಹೇಳಲಿಲ್ಲ. ಮುಂದಿನ ವಾರ ಎಂದುಕೊಂಡೆ. ವಾರಗಳು ಕಳೆದು ಹಿಮ ಬಿತ್ತು. ಹಿಮ ಕರಗಿದ ಮೇಲೆ ನೋಡಿದರೆ ಆ ಪಾರ್ಕಿಂಗ್ ಜಾಗಕ್ಕೆ ತಂತಿಬೇಲಿ, ಗೋದಾಮು ಕಟ್ಟುವ ಬೋರ್ಡು. ಜನ ಎಲ್ಲೆಲ್ಲಿಗೋ ಚದುರಿದರು.

ಎಲ್ಡನ್ ಈಗಲೂ ವ್ಯಾನಿನ ಕೊಳವೆ ವೆಲ್ಡಿಂಗಿಗೆ ನನ್ನ ಹತ್ತಿರವೇ ಬರುತ್ತಾನೆ. ಮಳೆ, ಚಳಿ ಅಂತ ಏನೋ ಮಾತಾಡುತ್ತೇವೆ. ಆ ನಾಲ್ಕು ನಿಮಿಷವನ್ನು ನಾನು ತೆಗೆಸಿಲ್ಲ. ಅವನ ಕುರ್ಚಿ ವ್ಯಾನಿನೊಳಗೆ ಹಿಂಭಾಗದಲ್ಲಿ ಮಡಚಿದ ಹಾಗೆಯೇ ಇದೆ.