ಟವೆಲ್ಲಿನಡಿಯ ಬೆರಳುಗಳು

ನಮ್ಮ ಟೈಪಿಂಗ್ ಅಕ್ಕೋರ ಕಿರುಬೆರಳುಗಳೆರಡೂ ಹೊರಕ್ಕೆ ಸೊಟ್ಟಗೆ ತಿರುಗಿದ್ದವು. ಹಳೆಯ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ಆಯುಷ್ಯವಿಡೀ ಗುದ್ದಿದ್ದಕ್ಕೆ ಸಿಕ್ಕ ಪೆನ್ಶನ್ ಇದು ಎಂದು ಅವರೇ ತಮಾಷೆ ಮಾಡುತ್ತಿದ್ದರು. ಹೊನ್ನಾವರದಲ್ಲಿ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಅವರ ಕ್ಲಾಸು. ಹೊಸಬರು ಯಾರೇ ಬರಲಿ, ಕೈಗಳ ಮೇಲೆ ಟವೆಲ್ ಹೊದಿಸಿ, ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಈಗ ಹೊಡಿ ಎನ್ನುವರು. ಬಗ್ಗಿ ನೋಡಿದರೆ ಬೆನ್ನಿಗೆ ಸ್ಕೇಲು. ಹೊಳೆಯಾಚೆಯ ಕಾಸರಕೋಡಿನ ದೋಣಿ ಕೆಲಸದವನ ಮಗಳಾದ ನನಗೆ ಆ ಸ್ಕೇಲಿನ ಪರಿಚಯ ಚೆನ್ನಾಗಿಯೇ ಇದೆ.

ಟೈಪ್‌ರೈಟರುಗಳು ಗುಜರಿಗೆ ಹೋಗಿ ಕಂಪ್ಯೂಟರುಗಳು ಬಂದಾಗ ಅಕ್ಕೋರು ಅವಕ್ಕೆ ಲಿನಕ್ಸ್ ಹಾಕಿಸಿದರು. ಅದು ಪುಕ್ಕಟೆ. ಊರವರಂತೆ ವಿಂಡೋಸಿನ ಕಳ್ಳ ಸಿ.ಡಿ. ಹಾಕಿಸುವುದು ಅವರಿಗೆ ಆಗಿಬರದು. ಮಂಗಳೂರಿನ ಒಂದು ಕಚೇರಿಯಿಂದ ಕೆಲಸವನ್ನೂ ಹಿಡಿದು ತಂದರು. ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡಿ ಇಮೇಲಿನಲ್ಲಿ ಕಳಿಸುವುದು. ನಾವು ಕೆಲವು ಹುಡುಗಿಯರು ಸಂಬಳ ಕಂಡದ್ದು ಅದರಿಂದಲೇ. ಆ ಸಂಬಳ ಬರುತ್ತಿರುವಷ್ಟು ದಿನ ಮನೆಯಲ್ಲಿ ನನ್ನ ಮದುವೆಯ ಮಾತಿಗೆ ಅವಸರವಿರಲಿಲ್ಲ. ಗಂಡು ಮಾತ್ರ ಆಗಲೇ ಗೊತ್ತಾಗಿದ್ದ. ಕುಡಿದರೆ ಹೆತ್ತ ತಾಯಿಯ ಮೇಲೇ ಕೈ ಮಾಡುವವನೆಂದು ಇಡೀ ಕೇರಿಗೆ ತಿಳಿದಿತ್ತು.

ಅಷ್ಟರಲ್ಲಿ ಮಂಗಳೂರಿನವರು ನಿಯಮ ಬದಲಿಸಿದರು. ರೋಗಿಗಳ ವಿಷಯ ಇನ್ನು ಇಮೇಲಿನಲ್ಲಿ ಬೇಡ, ವಿಪಿಎನ್ ಹಾಕಿಕೊಂಡು, ಅಂದರೆ ನಡುವೆ ಯಾರೂ ಇಣುಕದ ಖಾಸಗಿ ದಾರಿಯಲ್ಲಿ, ನೇರ ತಮ್ಮ ಕಂಪ್ಯೂಟರಿಗೇ ಬರಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಕೆಲಸ ಬೇರೆಯವರಿಗೆ.

ಅವರು ಕಳಿಸಿದ ವಿಪಿಎನ್ ವಿಂಡೋಸಿಗೆ ಮಾತ್ರ ಒಗ್ಗುವಂಥದ್ದು, ನಮ್ಮಲ್ಲಿ ಕೂರಲೇ ಇಲ್ಲ. ಕುಮಟಾದ ಕಂಪ್ಯೂಟರ್ ಅಂಗಡಿಯವನು ಬಂದು ಇನ್ನೊಂದನ್ನು ಹಾಕಿದ. ಅದು ಕೂತಿತು, ಆದರೆ ಲೈನು ಒಮ್ಮೆ ಕಡಿದರೆ ಎಲ್ಲ ಮೊದಲಿನಿಂದ. ನಮ್ಮ ಲೈನೋ, ಸ್ವಲ್ಪ ಗಾಳಿ ಬೀಸಿದರೂ ಕಡಿಯುವಂಥದ್ದು. ಸುಮ್ಮನೆ ಕಳ್ಳ ವಿಂಡೋಸ್ ಹಾಕಿಸಿ, ಯಾರು ಬಂದು ನೋಡುತ್ತಾರೆ ಎಂದ ಅವನು. ನನಗೂ ಅದೇ ಸರಿ ಕಂಡಿತ್ತು. ಬೇರೆ ದಾರಿ ಕಾಣದೆ, ಹಾಕಿಸಿಬಿಡಿ ಅಂತ ಅಕ್ಕೋರ ಮುಂದೆ ಅತ್ತೆ.

"ಕದ್ದ ಪೆಟ್ಟಿಗೇಲಿ ಮತ್ತೊಬ್ರ ಗುಟ್ಟು ಇಡೂದಾ?" ಎಂದರು. ಕಣ್ಣೊರೆಸಿಕೊಳ್ಳಲು ಅದೇ ಟವೆಲ್ ಕೊಟ್ಟರು.

ಮೂರನೆಯದೊಂದು ವಿಪಿಎನ್ ಇತ್ತು. ಲಿನಕ್ಸಿನಂತೆಯೇ ಎಲ್ಲರಿಗೂ ತೆರೆದಿಟ್ಟದ್ದು, ಲೈನು ಹೋಗಿ ಬಂದರೆ ತಾನಾಗಿ ಮತ್ತೆ ಕೂಡಿಕೊಳ್ಳುವುದು. ತೊಡಕೆಂದರೆ ಮಂಗಳೂರಿನವರೂ ತಮ್ಮ ಕಡೆ ಅದನ್ನೇ ಹಾಕಬೇಕಿತ್ತು. ಅಕ್ಕೋರು ಫೋನು ಹಿಡಿದು ಕೂತರು. ಇವತ್ತು ಆಗುವುದಿಲ್ಲ ಎಂದವರಿಗೆ ನಾಳೆ ಮತ್ತೆ ಫೋನು. ಈ ಹೆಂಗಸಿನ ಕಾಟ ತಡೆಯಲಾರದೆಯೇ ಇರಬೇಕು, ಕೊನೆಯ ದಿನ ಮಧ್ಯಾಹ್ನ ಒಂದು ಪರೀಕ್ಷೆಗೆ ಒಪ್ಪಿದರು. ಪಾಸ್‌ವರ್ಡ್ ಮೂರು ಸಲ ತಪ್ಪಿದರೆ ಬಾಗಿಲು ಬಂದ್.

ಅಕ್ಕೋರ ಬೆರಳುಗಳು ಆಗಲೇ ಕೀಲಿ ಹೊಡೆಯಲು ಬಾರದಷ್ಟು ಸೆಟೆದಿದ್ದವು. ನಾನೇ ಕೂತೆ. ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಹೊಡೆದೆ. ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ, ಚುಕ್ಕೆ ಸಹ ಇಲ್ಲ. ಅಲ್ಲಿ ಪಾಸ್‌ವರ್ಡ್ ಕಾಣಿಸುವುದೇ ಇಲ್ಲವೆಂದು ತಿಳಿಯದೆ, ಕೀಬೋರ್ಡ್ ಸತ್ತಿತೆಂದು ಇನ್ನೂ ಜೋರಾಗಿ ಒತ್ತಿದೆ. ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಇನ್ನೊಂದೇ ಸಲ ಉಳಿದಿದೆ ಎಂದು ಮಂಗಳೂರಿನವನು ಮೊಬೈಲಿನಲ್ಲಿ ಎಚ್ಚರಿಸಿದ. ಅಕ್ಷರವೇ ಕಾಣುತ್ತಿಲ್ಲ ಅಕ್ಕೋರೆ, ಎಲ್ಲ ಮುಗಿಯಿತು ಎಂದೆ.

"ಕಾಣದೇ ಹೋದ್ರೆ ಎಂತ ಆತು? ನೋಡಿ ಹೊಡೂಕೆ ನಾ ನಿಂಗೆ ಯಾವಾಗ ಕಲಿಸಿದ್ದೆ?"

ಟವೆಲ್ ಬಂದು ನನ್ನ ಕೈಗಳ ಮೇಲೆ ಬಿತ್ತು. ಸೊಟ್ಟ ಬೆರಳುಗಳು ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದವು. ಕೆಳಗೆ ಕಂಡಕ್ಟರನೊಬ್ಬ ಭಟ್ಕಳ, ಭಟ್ಕಳ ಎಂದು ಕೂಗುತ್ತಿದ್ದ. ಅವನನ್ನೇ ನೋಡುತ್ತ ಹೊಡೆದೆ. ತಿರುಗಿ ಪರದೆ ನೋಡುವ ಧೈರ್ಯ ನನಗಿರಲಿಲ್ಲ. ಒಳಗೆ ಬಂದಿರಿ ಎಂದು ಮಂಗಳೂರಿನವನು ಹೇಳಿದ ಮೇಲೆಯೇ ಈ ಕಡೆ ತಿರುಗಿದೆ.

ಆ ಕೆಲಸ ವರ್ಷಗಟ್ಟಲೆ ನಡೆಯಿತು. ಕಾದು ಸಾಕಾಗಿ ಆ ಗಂಡು ಬೇರೆ ಯಾರನ್ನೋ ಕಟ್ಟಿಕೊಂಡ. ಪಾಪ, ಅವಳು. ಅಕ್ಕೋರಿಂದಾಗಿ ನಾನು ಬಚಾವಾದೆ, ಅದನ್ನು ಅವರಿಗೆ ಬಾಯಿಬಿಟ್ಟು ಎಂದೂ ಹೇಳಲಿಲ್ಲ.

ಕೊನೆಗಾಲದಲ್ಲಿ ಅವರು ಮುರ್ಡೇಶ್ವರದ ತಂಗಿಯ ಮನೆಯಲ್ಲಿದ್ದರು. ಹೇಳಬೇಕೆಂದೇ ಹೋದೆ. ಆಗಲೇ ಮಾತು ನಿಂತಿತ್ತು, ಗುರುತೂ ಇರಲಿಲ್ಲ. ಹೊದಿಕೆಯ ಮೇಲೆ ಎಡಗೈ ಮಾತ್ರ ಅಲುಗುತ್ತಿತ್ತು. ಕಿರುಬೆರಳು, ಅದರ ಪಕ್ಕದ್ದು, ನಡುಬೆರಳು, ತೋರುಬೆರಳು. ಎ, ಎಸ್, ಡಿ, ಎಫ್. ಮೊದಲ ದಿನದ ಪಾಠ. ಎರಡು ದಿನದಿಂದ ಹೀಗೇ, ಎಂತ ಮಾಡ್ತಾರೋ ಗೊತ್ತಾಗುವುದಿಲ್ಲ ಎಂದು ಅವರ ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಂದವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

ನಾನು ಹಗ್ಗದ ಮೇಲಿದ್ದ ಟವೆಲ್ ತಂದು ಅವರ ಕೈಗಳ ಮೇಲೆ ಹೊದಿಸಿದೆ. ಆಮೇಲೆ ಗಲ್ಲ ಹಿಡಿದು, ಮುಖವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದೆ.